ಹಿಂದೆ ಕೂತವರ ಮಾತು
(ಬ್ಲಾಕಿನ ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಬಿತ್ತನೆ ಬೀಜದ ವಿಷಯವನ್ನಾಗಲಿ, ಗೊಬ್ಬರದ ವಿಷಯವನ್ನಾಗಲಿ ಹೇಳುವುದಕ್ಕೆ ನಾನು ಈ ದಿನ ನಿಂತಿಲ್ಲ. ಅವನ್ನು ಹೊಲದ ಬದುವಿನ ಮೇಲೆ ನಿಂತು ಹೇಳಿದರೇ ಚೆನ್ನು. ಇವತ್ತು ಬಹು ದೂರದ ಒಂದು ಸೀಮೆಯ ಸಂಗತಿಯನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಕೆನಡಾ ದೇಶದ ಪೂರ್ವಕ್ಕೆ, ಅಟ್ಲಾಂಟಿಕ್ ಸಮುದ್ರದ ಅಂಚಿನಲ್ಲಿ ನೋವಾ ಸ್ಕೋಷಿಯಾ ಎಂಬ ಪ್ರಾಂತವುಂಟು. ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದ ಮೀನುಗಾರರ, ಸಣ್ಣ ರೈತರ, ಗಣಿ ಕೂಲಿಗಳ ಮಾತನ್ನು ಕೇಳುವುದಕ್ಕೆ ಕೆಲವು ಕ್ರೈಸ್ತ ಪಾದ್ರಿಗಳು ಹೊರಟರು. ಹಾಗೆ ಕೇಳಿದ್ದರಿಂದ ಏನೇನಾಯಿತು ಎಂಬುದೇ ಇವತ್ತಿನ ವಿಷಯ.

“ಪಾದ್ರಿಗಳ ಕಥೆ ನಮಗೇಕಪ್ಪಾ?” ಎಂದು ಹಿರಿಯರು ಕೇಳಬಹುದು. ನಾನು ಮತದ ವಿಚಾರ ಹೇಳುತ್ತಿಲ್ಲ. ಗುಡಿಯಾಗಲಿ, ಮಠವಾಗಲಿ, ಮಸೀದಿಯಾಗಲಿ, ಚರ್ಚಾಗಲಿ, ಸಹಕಾರ ಸಂಘವಾಗಲಿ, ಪಂಚಾಯಿತಿಯಾಗಲಿ, ನಾಲ್ಕು ಜನ ಸೇರುವ ಯಾವ ಜಾಗಕ್ಕಾದರೂ ಒಂದೇ ಪ್ರಶ್ನೆ. ಇಲ್ಲಿ ಯಾರ ಮಾತು ಕೇಳಿಬರುತ್ತದೆ? ಯಾರ ಮಾತು ಕೇಳಿಬರುವುದಿಲ್ಲ? ಬರುವ ಗ್ರಾಮಸಭೆಯಲ್ಲಿ ಮುಂದಿನ ವರ್ಷದ ಕೆಲಸಗಳ ಪಟ್ಟಿ ಆಗಬೇಕಾಗಿದೆ. ಆ ಪಟ್ಟಿ ಆಗುವುದಕ್ಕೆ ಮುಂಚೆಯೇ ಈ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳುವುದು ಒಳ್ಳೆಯದು. ಪಟ್ಟಿ ಆದಮೇಲೆ ಕೇಳಿಕೊಂಡರೆ ಮಳೆ ಹೋದಮೇಲೆ ಕೆರೆಯ ಕಟ್ಟೆ ಕಟ್ಟಿದಂತೆ.

ಆ ಸೀಮೆಯ ಸ್ಥಿತಿ

ನೋವಾ ಸ್ಕೋಷಿಯಾದ ಪೂರ್ವ ಭಾಗ ಬಡ ಸೀಮೆ. ತೀರದ ಉದ್ದಕ್ಕೂ ಕಲ್ಲುಬಂಡೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮ. ಸ್ಕಾಟ್ಲೆಂಡು, ಐರ್ಲೆಂಡುಗಳಿಂದ ಬಂದು ನೆಲೆಸಿದವರ ಮಕ್ಕಳು, ಫ್ರೆಂಚ್ ಮೂಲದವರು ಅಲ್ಲಿ ಮೀನು ಹಿಡಿದು, ತುಂಡು ಭೂಮಿ ಉತ್ತು, ಕಲ್ಲಿದ್ದಲ ಗಣಿಗಳಲ್ಲಿ ಕೂಲಿ ಮಾಡಿ ಜೀವನ ಸಾಗಿಸುತ್ತಿದ್ದರು. ಪ್ರಾಯದ ಹುಡುಗರು, ಹುಡುಗಿಯರು ಊರು ಬಿಟ್ಟು ಅಮೆರಿಕದ ಬಾಸ್ಟನ್ ಪಟ್ಟಣದ ಕಡೆಗೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದರು.

ಮೀನುಗಾರನ ಲೆಕ್ಕ ಹೇಗಿತ್ತೆಂದು ಹೇಳಿದರೆ ನಿಮಗೆ ಹೊಸದೆನಿಸಲಾರದು. ವಸಂತಕಾಲದಲ್ಲಿ ಮೀನಿನ ವರ್ತಕನು ಬಲೆ, ಉಪ್ಪು, ಗೋಧಿ ಹಿಟ್ಟುಗಳನ್ನು ಸಾಲವಾಗಿ ಕೊಡುವನು. ಮೀನು ಹಿಡಿದು ತಂದಾಗ ಅದೇ ವರ್ತಕನು ತಾನು ಹೇಳಿದ ಧಾರಣೆಗೆ ಕೊಳ್ಳುವನು. ಸಾಮಾನಿನ ಬೆಲೆಯೂ ಅವನದೇ, ಮೀನಿನ ಬೆಲೆಯೂ ಅವನದೇ, ಖಾತೆ ಪುಸ್ತಕವೂ ಅವನ ಕೈಯಲ್ಲೇ. ವರ್ಷದ ಕೊನೆಗೆ ಮೀನುಗಾರನಿಗೆ ಉಳಿಯುತ್ತಿದ್ದದ್ದು ಬಾಕಿ ಮಾತ್ರ. ಇದರ ಮೇಲೆ ದೊಡ್ಡ ಕಂಪೆನಿಗಳ ಉಗಿ ಹಡಗುಗಳು ಬಂದು ಸಮುದ್ರವನ್ನು ಬಾಚಿಕೊಂಡು ಹೋಗತೊಡಗಿದವು. ಸಣ್ಣ ದೋಣಿಯವನ ಮೀನಿಗೆ ಇದ್ದ ಬೆಲೆಯೂ ಇಳಿಯಿತು.

ಈ ಜನ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು. ಬೆಂಚಿನ ಮೇಲೆ ಕೂತು ಪಾದ್ರಿಯ ಉಪದೇಶ ಕೇಳಿ ಮನೆಗೆ ಬರುತ್ತಿದ್ದರು. ಅವರು ಕೇಳುವವರು, ಪಾದ್ರಿ ಹೇಳುವವರು. ಅವರು ಹೇಳಿ ಪಾದ್ರಿ ಕೇಳುವ ಕ್ರಮ ಇರಲಿಲ್ಲ.

ಪ್ರಶ್ನೆ ಕೇಳುವ ಪಾದ್ರಿ

ಆ ಸೀಮೆಯ ಆಂಟಿಗೊನಿಷ್ ಎಂಬ ಸಣ್ಣ ಪಟ್ಟಣದಲ್ಲಿ ಸೇಂಟ್ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾನಿಲಯವಿದೆ. ಕ್ಯಾಥೋಲಿಕ್ ಚರ್ಚಿನವರು 1853ರಲ್ಲಿ ಪ್ರಾರಂಭಿಸಿದ ವಿದ್ಯಾಸಂಸ್ಥೆ ಅದು. ಅಲ್ಲಿ ಹ್ಯೂ ಮ್ಯಾಕ್‌ಫರ್ಸನ್ ಎಂಬ ಪಾದ್ರಿಯಿದ್ದರು. ಅವರು ರೈತರ ನಡುವೆ ಓಡಾಡಿ ಬೇಸಾಯದ ಸಲಹೆ ಕೊಡುತ್ತಿದ್ದರು. ಕುರಿ ಸಾಕುವ ರೈತರು ಉಣ್ಣೆಯನ್ನು ತರಗತಿವಾರು ವಿಂಗಡಿಸಿ ಒಟ್ಟಾಗಿ ಮಾರುವಂತೆ 1914ರ ಸುಮಾರಿಗೇ ಮಾಡಿದರು. ಒಂದು ರೀತಿಯಲ್ಲಿ ಅವರನ್ನು ನನ್ನಂಥ ಗ್ರಾಮಸೇವಕರ ಹಿರಿಯಣ್ಣ ಎನ್ನಬಹುದು.

ಅದೇ ವಿದ್ಯಾನಿಲಯದಲ್ಲಿ ಜೇಮ್ಸ್ ಟಾಂಪ್ಕಿನ್ಸ್ ಎಂಬ ಇನ್ನೊಬ್ಬ ಪಾದ್ರಿ ಉಪಾಧ್ಯಕ್ಷರಾಗಿದ್ದರು. ಹುಟ್ಟಿದ್ದು 1870ರಲ್ಲಿ. ಕುಳ್ಳನೆಯ ದೇಹ, ಸುಮ್ಮನೆ ಕೂರದ ಸ್ವಭಾವ. ವಿದ್ಯೆಯು ಫೀಜು ಕೊಡಬಲ್ಲವರ ಮಕ್ಕಳಿಗೆ ಮಾತ್ರ ಮೀಸಲಾಗಿರಕೂಡದು, ಹೊಲದಲ್ಲಿ, ದೋಣಿಯಲ್ಲಿ ದುಡಿಯುವವನ ಮನೆಗೇ ಅದು ಹೋಗಬೇಕು ಎಂದು 1921ರಲ್ಲಿ ಅವರು ಒಂದು ಕಿರುಹೊತ್ತಗೆ ಬರೆದು ಹಂಚಿದರು. ಆ ವರ್ಷದ ಚಳಿಗಾಲದಲ್ಲೇ ‘ಜನರ ಶಾಲೆ’ ಎಂಬುದು ಅಲ್ಲಿ ನಡೆಯಿತು. ಯಾವ ಪರೀಕ್ಷೆಯೂ ಬೇಡ, ಯಾವ ಸರ್ಟಿಫಿಕೇಟೂ ಬೇಡ. ಹಿಮ ಬಿದ್ದು ಕೆಲಸ ನಿಂತಿದ್ದ ವಾರಗಳಲ್ಲಿ ರೈತರು ಬಂದು ಕಲಿತು ಹೋದರು.

ಅನಂತರ ವಿಶ್ವವಿದ್ಯಾನಿಲಯಗಳನ್ನು ಒಂದುಗೂಡಿಸುವ ವಿಷಯದಲ್ಲಿ ಟಾಂಪ್ಕಿನ್ಸರಿಗೂ ಅವರ ಬಿಷಪ್ಪರಿಗೂ ಭಿನ್ನಾಭಿಪ್ರಾಯ ಬಂತು. ಅವರನ್ನು ಕ್ಯಾನ್ಸೊ ಎಂಬ ಮೂಲೆಯ ಮೀನುಗಾರರ ಊರಿಗೆ ವರ್ಗ ಮಾಡಿದರು. ಆಗ ಅವರಿಗೆ ಐವತ್ತು ದಾಟಿತ್ತು. ದೊಡ್ಡ ಹುದ್ದೆಯಲ್ಲಿದ್ದವರು ಅಂಥ ಕಡೆಗೆ ಬಂದರೆ ಸಾಮಾನ್ಯವಾಗಿ ಬೇಸರದಿಂದ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಇವರು ಜೇಬಿನ ತುಂಬ ಕಿರುಹೊತ್ತಗೆಗಳನ್ನು ತುಂಬಿಕೊಂಡು ದೋಣಿ ಕಟ್ಟುವ ಕಡೆಗೆ ಹೊರಟರು. ಬಲೆ ಹೆಣೆಯುತ್ತಿದ್ದವನ ಪಕ್ಕದಲ್ಲಿ ನಿಂತು ಕೇಳುವರು: ಈ ಮೀನಿಗೆ ನಿನಗೆ ಎಷ್ಟು ಸಿಕ್ಕಿತು? ಪಟ್ಟಣದಲ್ಲಿ ಎಷ್ಟಕ್ಕೆ ಮಾರುತ್ತಾರೆ? ನಡುವಿನ ಹಣ ಎಲ್ಲಿ ಹೋಯಿತು? ಇದಕ್ಕೆ ನೀನು ಏನು ಮಾಡಬಹುದು ಎನ್ನುತ್ತೀಯೆ?

ಗಮನಿಸಿ ಬಾಂಧವರೇ, ಕೊನೆಯ ಪ್ರಶ್ನೆಯೇ ಮುಖ್ಯ. ಕಷ್ಟವೇನು ಎಂದು ಕೇಳುವವರು ಬಹಳ ಮಂದಿ ಸಿಕ್ಕುತ್ತಾರೆ. ಕೇಳಿ, ಬರೆದುಕೊಂಡು, ಜೀಪು ಹತ್ತಿ ಹೋಗುತ್ತಾರೆ. ನೀನು ಏನು ಮಾಡಬಹುದು ಎಂದು ಕೇಳಿದಾಗ ಮಾತ್ರ ಎದುರಿಗಿದ್ದವನು ತಾನೂ ಬುದ್ಧಿಯುಳ್ಳ ಮನುಷ್ಯನೆಂದು ತಿಳಿಯುತ್ತಾನೆ. ಅಂಥ ಪ್ರಶ್ನೆಗೆ ಒಂದೇ ದಿನದಲ್ಲಿ ಉತ್ತರ ಬರುವುದಿಲ್ಲ. ಟಾಂಪ್ಕಿನ್ಸರಿಗೂ ಬರಲಿಲ್ಲ. ಅವರು ವರ್ಷಗಳ ಕಾಲ ಕೇಳುತ್ತಲೇ ಇದ್ದರು.

1927ರ ಜುಲೈ 1

1927ರ ಜುಲೈ 1ರಂದು ಕೆನಡಾ ದೇಶವೆಲ್ಲ ತನ್ನ ಒಕ್ಕೂಟದ ಅರವತ್ತನೆಯ ವರ್ಷದ ಹಬ್ಬ ಮಾಡುತ್ತಿತ್ತು. ಕ್ಯಾನ್ಸೊವಿನ ಮೀನುಗಾರರು ಒಂದು ಕಡೆ ಸೇರಿದರು; ಹಬ್ಬ ಮಾಡುವುದಕ್ಕೆ ತಮಗೆ ಏನಿದೆ ಎಂದು ಬಹಿರಂಗವಾಗಿ ಕೇಳಿದರು. ಟಾಂಪ್ಕಿನ್ಸ್ ಅವರ ಜೊತೆಗಿದ್ದರು. ಸುದ್ದಿ ಪತ್ರಿಕೆಗಳಿಗೆ ಹೋಯಿತು. ಇತರ ಪಾದ್ರಿಗಳೂ ದನಿಗೂಡಿಸಿದರು. ಅದೇ ವರ್ಷ ಸರಕಾರವು ಮೀನುಗಾರಿಕೆಯ ವಿಚಾರಣೆಗಾಗಿ ನ್ಯಾಯಾಧೀಶ ಮ್ಯಾಕ್‌ಲೀನರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿತು. ಆಯೋಗದ ಮುಂದೆ ಸಾಕ್ಷ್ಯ ನುಡಿದವರಲ್ಲಿ ಮೋಸಸ್ ಕೋಡಿ ಎಂಬ ಪಾದ್ರಿಯೂ ಒಬ್ಬರು. ಇವರು ಟಾಂಪ್ಕಿನ್ಸರ ನೆಂಟರೇ, 1882ರಲ್ಲಿ ಹುಟ್ಟಿದವರು. ಅವರು ಎಷ್ಟು ಕುಳ್ಳೋ ಇವರು ಅಷ್ಟು ಎತ್ತರದ ಆಳು. ಮೀನುಗಾರರು ಸಹಕಾರ ಸಂಘಗಳನ್ನು ಕಟ್ಟಿಕೊಳ್ಳಬೇಕು, ಅದಕ್ಕೆ ಸರಕಾರ ನೆರವಾಗಬೇಕು ಎಂದು ಆಯೋಗ ಸಲಹೆ ಮಾಡಿತು. ಸಂಘಟನೆಯ ಕೆಲಸ ಕೋಡಿಯವರ ಹೆಗಲಿಗೆ ಬಿತ್ತು. ತೀರದ ಊರೂರು ಅಲೆದು ಸಂಘಗಳನ್ನು ಕಟ್ಟಿದರು. 1930ರಲ್ಲಿ ಮೀನುಗಾರರ ಒಕ್ಕೂಟ ಸ್ಥಾಪನೆಯಾಯಿತು.

ಅಷ್ಟರಲ್ಲಿ, 1928ರಲ್ಲಿ, ವಿಶ್ವವಿದ್ಯಾನಿಲಯವು ಜನರ ಬಳಿಗೆ ಹೋಗಿ ಕೆಲಸ ಮಾಡುವುದಕ್ಕೆಂದೇ ಒಂದು ವಿಸ್ತರಣ ಇಲಾಖೆಯನ್ನು ತೆರೆದಿತ್ತು. ಕೋಡಿಯವರೇ ಅದರ ನಿರ್ದೇಶಕರು. ಎ. ಬಿ. ಮ್ಯಾಕ್‌ಡೊನಾಲ್ಡ್ ಅವರ ಬಲಗೈ. ಇವರು ನಡೆಸಿದ ಕಾರ್ಯಕ್ಕೆ ಲೋಕದಲ್ಲಿ ಆಂಟಿಗೊನಿಷ್ ಚಳವಳಿ ಎಂದು ಹೆಸರಾಯಿತು.

ಅಡಿಗೆಮನೆಯ ಸಭೆ

ಅವರು ಕೆಲಸ ಮಾಡುತ್ತಿದ್ದ ಕ್ರಮವನ್ನು ನಾವು ಚೆನ್ನಾಗಿ ತಿಳಿದುಕೊಳ್ಳಬೇಕು. ಮೊದಲು ಊರಿನವರನ್ನೆಲ್ಲ ಚರ್ಚಿನ ಸಭಾಂಗಣಕ್ಕೋ ಶಾಲೆಗೋ ಕರೆದು ಒಂದು ದೊಡ್ಡ ಸಭೆ ನಡೆಸುವರು. ಊರಿನ ಸ್ಥಿತಿ ಹೀಗೇ ಇರಬೇಕಾಗಿಲ್ಲ ಎಂದು ಹೇಳುವರು. ಅಲ್ಲಿಗೆ ಭಾಷಣ ಮುಗಿಯಿತು. ಆಮೇಲೆ ಅಕ್ಕಪಕ್ಕದ ಮನೆಗಳ ಐದರಿಂದ ಹತ್ತು ಜನರ ಗುಂಪುಗಳನ್ನು ಮಾಡುವರು. ಈ ಗುಂಪು ವಾರಕ್ಕೊಮ್ಮೆ ಯಾರಾದರೊಬ್ಬರ ಮನೆಯ ಅಡಿಗೆಮನೆಯಲ್ಲಿ, ಒಲೆಯ ಸುತ್ತ ಕೂರುವುದು. ವಿಸ್ತರಣ ಇಲಾಖೆಯಿಂದ ಬಂದ ಕಿರುಹೊತ್ತಗೆಯನ್ನು ಓದು ಬಂದವನು ಗಟ್ಟಿಯಾಗಿ ಓದುವನು. ಓದು ಬಾರದವನು ಕೇಳಿ ತನ್ನ ಅನುಭವ ಹೇಳುವನು. ತಿಂಗಳಿಗೊಮ್ಮೆ ಎಲ್ಲ ಗುಂಪುಗಳೂ ಕೂಡಿ ತಾವು ಕಂಡುಕೊಂಡದ್ದನ್ನು ಒಬ್ಬರಿಗೊಬ್ಬರು ತಿಳಿಸುವರು. ಗುಂಪಿನ ಮುಂದಾಳುಗಳಿಗೆ ಚಳಿಗಾಲದಲ್ಲಿ ಆಂಟಿಗೊನಿಷ್‌ನಲ್ಲಿ ಕೆಲವು ವಾರಗಳ ಶಿಕ್ಷಣ.

ಇದರ ಗುಟ್ಟು ಸುಲಭ. ದೊಡ್ಡ ಸಭೆಯಲ್ಲಿ ಮಾತಾಡುವವರು ಮೂರೋ ನಾಲ್ಕೋ ಮಂದಿ. ಅವರು ಯಾರೆಂಬುದು ಸಭೆ ಸೇರುವ ಮುಂಚೆಯೇ ಊರಿಗೆಲ್ಲ ಗೊತ್ತು. ಒಲೆಯ ಮುಂದೆ ಏಳು ಜನ ಕೂತಾಗ ಬಾಯಿ ಮುಚ್ಚಿಕೊಂಡಿರುವುದೇ ಕಷ್ಟ. ವೇದಿಕೆಯಿಲ್ಲ, ಕುರ್ಚಿಯಿಲ್ಲ, ಮೈಕಿಲ್ಲ. ಪಾದ್ರಿಯೂ ಹೆಚ್ಚಿನ ದಿನ ಇರುತ್ತಿರಲಿಲ್ಲ. ಮಾತಿಗೆ ಆಧಾರವಾಗಿ ಒಂದು ಹೊತ್ತಗೆ, ಒಂದು ಲೆಕ್ಕ ಮುಂದಿರುತ್ತಿತ್ತು. ಆದಕಾರಣ ಮಾತು ಬರಿ ಹರಟೆಯಾಗುತ್ತಿರಲಿಲ್ಲ. 1930ರ ದಶಕದ ಕೊನೆಯ ವೇಳೆಗೆ ಇಂಥ ಅಧ್ಯಯನ ಕೂಟಗಳು ಸಾವಿರಕ್ಕೂ ಮೇಲಾದವು.

ಓದಿದ್ದು ಕೆಲಸಕ್ಕೆ ಬರಬೇಕೆಂಬುದು ಅವರ ನಿಯಮ. ಕಲಿತಾದ ಮೇಲೆ ಕೂಟದವರು ತಮ್ಮ ಕೈಲಾಗುವ ಒಂದು ಕೆಲಸವನ್ನು ಆರಿಸಿಕೊಳ್ಳುವರು. ಕ್ಯಾನ್ಸೊವಿನ ಹತ್ತಿರ ಲಿಟ್ಲ್ ಡೋವರ್ ಎಂಬ ಹಳ್ಳಿಯುಂಟು, ಬಂಡೆಯ ಮೇಲಿನ ಬಡ ಹಳ್ಳಿ. ಅಲ್ಲಿನವರು ಕಾಡಿನಿಂದ ತಾವೇ ಮರ ಕಡಿದು ತಂದು, ತಾವೇ ಗೋಡೆ ಎಬ್ಬಿಸಿ, ಲಾಬ್ಸ್ಟರ್ ಎಂಬ ದೊಡ್ಡ ಸಿಗಡಿಯಂಥ ಜೀವಿಯನ್ನು ಡಬ್ಬಿಗೆ ತುಂಬುವ ಸಹಕಾರಿ ಕಾರ್ಖಾನೆಯನ್ನು ಕಟ್ಟಿದರು. ಬೇರೆ ಊರುಗಳವರು ಜೀವಂತ ಲಾಬ್ಸ್ಟರ್‌ಗಳನ್ನು ಒಟ್ಟಾಗಿ ನೇರವಾಗಿ ಬಾಸ್ಟನ್ನಿಗೆ ಕಳುಹಿಸಿ, ನಡುವಿನವರಿಗೆ ಹೋಗುತ್ತಿದ್ದ ಹಣವನ್ನು ತಾವೇ ಪಡೆದರು. 1932ರಲ್ಲಿ ಪ್ರಾಂತ ಸರಕಾರವು ಪತ್ತಿನ ಸಂಘಗಳ ಕಾನೂನು ಮಾಡಿತು. ಕೂಟಗಳಲ್ಲಿ ಚಿಲ್ಲರೆ ಕಾಸು ಕೂಡಿಸುತ್ತಿದ್ದವರು ಊರೂರಿನಲ್ಲಿ ಪತ್ತಿನ ಸಂಘ ತೆರೆದರು. ಹನಿ ಹನಿ ಕೂಡಿ ಹಳ್ಳವಾಯಿತು. ವರ್ತಕನ ಖಾತೆ ಪುಸ್ತಕದಿಂದ ಎಷ್ಟೋ ಹೆಸರುಗಳು ಹೊರಬಂದವು.

1935ರಲ್ಲಿ ಟಾಂಪ್ಕಿನ್ಸರು ರಿಸರ್ವ್ ಮೈನ್ಸ್ ಎಂಬ ಗಣಿ ಊರಿಗೆ ಹೋದರು. ಅಲ್ಲಿಯೂ ಅದೇ ಪ್ರಶ್ನೆಗಳು. ಗಣಿಯ ಕೂಲಿಗಳು ಕಂಪೆನಿಯ ಹಳೆಯ ಮನೆಗಳಲ್ಲಿ ಬಾಡಿಗೆಗಿದ್ದರು. ಹನ್ನೊಂದು ಕುಟುಂಬದವರು ಮನೆ ಕಟ್ಟುವ ವಿಷಯವನ್ನು ತಿಂಗಳುಗಟ್ಟಲೆ ಓದಿದರು, ಚರ್ಚಿಸಿದರು, ಲೆಕ್ಕ ಹಾಕಿದರು. ನ್ಯೂಯಾರ್ಕಿನಿಂದ ಬಂದ ಮೇರಿ ಆರ್ನಲ್ಡ್ ಎಂಬ ಸಹಕಾರಿ ತಜ್ಞೆ ಅವರ ನಡುವೆ ಇದ್ದು ನೆರವಾದರು. ಮನೆ ಹೇಗಿರಬೇಕೆಂದು ಹೆಂಗಸರೂ ಕೂತು ಯೋಚಿಸಿದರು. ಒಲೆಯ ಮುಂದೆ ದಿನ ಕಳೆಯುವವರು ಅವರೇ ತಾನೆ? 1938ರಲ್ಲಿ ಆ ಮನೆಗಳು ಎದ್ದು ನಿಂತವು. ಗಣಿಯೊಳಗೆ ದುಡಿದು ಬಂದ ಕೈಗಳೇ ಅವನ್ನು ಕಟ್ಟಿದ್ದು. ಆ ಜಾಗಕ್ಕೆ ಜನರು ಟಾಂಪ್ಕಿನ್ಸ್‌ವಿಲ್ ಎಂದು ಹೆಸರಿಟ್ಟರು.

ಈ ಕೆಲಸದಲ್ಲಿ ಮತಭೇದ ಮಾಡಲಿಲ್ಲ. ಪತ್ತಿನ ಸಂಘಕ್ಕೆ ಸೇರುವವನು ಯಾವ ಚರ್ಚಿನವನೆಂದು ಕೇಳುವಂತಿರಲಿಲ್ಲ. ಯುನೈಟೆಡ್ ಚರ್ಚಿನ ಪಾದ್ರಿ ಜೆ. ಡಿ. ನೆಲ್ಸನ್ ಮ್ಯಾಕ್‌ಡೊನಾಲ್ಡರು ಕ್ಯಾಥೋಲಿಕ್ ಪಾದ್ರಿಗಳ ಜೊತೆಗೂಡಿ ದುಡಿದರು. ಆ ಕಾಲದಲ್ಲಿ ಅಲ್ಲಿ ಅದು ಸಣ್ಣ ಮಾತಲ್ಲ.

ಅಲ್ಲಿಯೂ ಬಿಟ್ಟುಹೋದವರು

ಎಲ್ಲವೂ ಚಿನ್ನವೇ ಆಯಿತೆಂದು ಹೇಳಿದರೆ ನಿಮಗೆ ಮೋಸ ಮಾಡಿದಂತಾದೀತು. ಮೊದಮೊದಲು ಕೂಟಗಳಿಗೆ ಬಂದವರು ಹೆಚ್ಚಾಗಿ ಗಂಡಸರು. ಹೆಂಗಸರಿಗಾಗಿ ವಿಸ್ತರಣ ಇಲಾಖೆಯಲ್ಲಿ ಬೇರೆ ವಿಭಾಗ ತೆರೆದಮೇಲೆ ಸೇಂಟ್ ಮಾರ್ಥಾ ಪಂಗಡದ ಸಿಸ್ಟರುಗಳೂ ಇತರ ಕಾರ್ಯಕರ್ತೆಯರೂ ಬಹಳ ದುಡಿದರು. ಆದರೂ ಸಂಘಗಳ ಆಡಳಿತ ಮಂಡಳಿಗಳಲ್ಲಿ ಹೆಂಗಸರು ಕೂತದ್ದು ಅಪರೂಪ. ಆ ನೆಲದ ಮೂಲನಿವಾಸಿಗಳಾದ ಮಿಕ್‌ಮಾ ಜನರನ್ನೂ, ಆಫ್ರಿಕಾ ಮೂಲದ ಕರಿಯ ಜನರನ್ನೂ ಈ ಚಳವಳಿ ಅಷ್ಟಾಗಿ ಮುಟ್ಟಲಿಲ್ಲ. ಕೇಳುವುದನ್ನೇ ವ್ರತವಾಗಿ ಹಿಡಿದಿದ್ದವರ ಕಿವಿಗೂ ಕೆಲವರ ದನಿ ತಲುಪಲಿಲ್ಲ. ಇದರಿಂದ ನಾವು ಕಲಿಯಬೇಕಾದ ಮಾತೊಂದುಂಟು. ಒಂದು ಸಲ ಕೇಳಿದೆವೆಂದು ಸುಮ್ಮನಾಗಕೂಡದು. ಇನ್ನು ಯಾರು ಹೊರಗೆ ನಿಂತಿದ್ದಾರೆಂದು ಪ್ರತಿಸಲವೂ ನೋಡುತ್ತಿರಬೇಕು.

ಮೀನುಗಾರರ ಆ ಒಕ್ಕೂಟ ಕೂಡ ಸಾಲದಲ್ಲಿ ಸಿಕ್ಕಿ 1988ರಲ್ಲಿ ಕುಸಿಯಿತು. ಸಂಘ ಕಟ್ಟಿದವರ ಮಕ್ಕಳು ಅಡಿಗೆಮನೆಯಲ್ಲಿ ಕೂತು ಲೆಕ್ಕ ನೋಡುವುದನ್ನು ಬಿಟ್ಟರೆ ಎಷ್ಟು ದೊಡ್ಡ ಸಂಘವಾದರೂ ಬರಿಯ ಕಚೇರಿಯಾಗಿಬಿಡುವ ಅಪಾಯವುಂಟು. ಇದು ಎಲ್ಲ ಸಂಘಗಳಿಗೂ ಅನ್ವಯಿಸುವ ಮಾತು. ಆದರೆ ಅವರು ನಟ್ಟ ಪತ್ತಿನ ಸಂಘಗಳ ಬೇರು ಅಲ್ಲಿ ಒಣಗಲಿಲ್ಲ. ಟಾಂಪ್ಕಿನ್ಸರು 1953ರಲ್ಲಿಯೂ ಕೋಡಿಯವರು 1959ರಲ್ಲಿಯೂ ಕಾಲವಾದರು. ಕೋಡಿಯವರ ಹೆಸರಿನಲ್ಲಿ 1959ರಲ್ಲೇ ಆಂಟಿಗೊನಿಷ್‌ನಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆ ತೆರೆಯಿತು. ನಮ್ಮ ಭಾರತವೂ ಸೇರಿದಂತೆ ಹಲವು ದೇಶಗಳ ಹಳ್ಳಿ ಕಾರ್ಯಕರ್ತರು ಅಲ್ಲಿಗೆ ಹೋಗಿ ಕಲಿತು ಬಂದಿದ್ದಾರೆ.

ನಮಗೂ ಅವರಿಗೂ ಇರುವ ನೆಂಟು

ಈ ನೆಂಟು ಇನ್ನೂ ಹಿಂದಿನದು. ಜರ್ಮನಿಯಲ್ಲಿ ರೈಫೈಸೆನ್ ಎಂಬ ಹಳ್ಳಿಯ ಮೇಯರರು 1860ರ ದಶಕದಲ್ಲಿ ರೈತರ ಪತ್ತಿನ ಸಂಘಗಳನ್ನು ಕಟ್ಟಿದರು. ಅವರೂ ದೈವಭಕ್ತರಾದ ಕ್ರೈಸ್ತರು. ಬಡ ರೈತನ ಮಾತಿಗೆ ನೆರೆಯವರು ಜಾಮೀನು ನಿಂತರೆ ಅವನಿಗೆ ಸಾಲ ಕೊಡಬಹುದು ಎಂಬುದು ಅವರ ವಿಚಾರ. ಆ ವಿಚಾರವೇ ನಮ್ಮ ದೇಶಕ್ಕೆ ಬಂದು 1904ರ ಸಹಕಾರ ಕಾಯ್ದೆಗೆ ಮಾದರಿಯಾಯಿತು. 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದೇ ವಿಚಾರ ಇನ್ನೊಂದು ದಾರಿಯಿಂದ ಕೆನಡಾಕ್ಕೂ ಹೋಗಿ ಮೀನುಗಾರರ ಕೈಗೆ ಸಿಕ್ಕಿತು. ಅಂದರೆ ಕಣಗಿನಹಾಳದ ಸಂಘವೂ ಆ ಮೀನುಗಾರರ ಸಂಘಗಳೂ ಒಂದೇ ಬೀಜದ ಸಸಿಗಳು. ನಮ್ಮದು ಇಪ್ಪತ್ತೇಳು ವರ್ಷ ಹಿರಿದು. ಹಿರಿಯರಾದ ನಾವು ಕಿರಿಯರಿಂದ ಕಲಿತರೆ ಕಡಿಮೆಯೇನೂ ಆಗುವುದಿಲ್ಲ.

ನಮ್ಮ ಚಾವಡಿಯ ಮಾತು

ಇನ್ನು ನಮ್ಮೂರುಗಳ ಮಾತಿಗೆ ಬರುತ್ತೇನೆ. ವಯಸ್ಸಿನಲ್ಲಿ ನಾನು ನಿಮ್ಮ ಮುಂದೆ ಚಿಕ್ಕವನು. ಕೃಷಿ ಡಿಪ್ಲೊಮಾ ಪಡೆದವನೆಂದು ನೀವು ನನ್ನನ್ನು ಆದರಿಸುತ್ತೀರಿ. ಆ ಸಲಿಗೆಯಿಂದಲೇ ಒಂದೆರಡು ಮಾತು ಹೇಳುತ್ತೇನೆ.

ನಮ್ಮ ಸಭೆಗಳನ್ನು ನೋಡಿ. ಮುಂದೆ ಜಮಖಾನದ ಮೇಲೆ ಯಜಮಾನರು. ಅವರ ಹಿಂದೆ ಚೂರುಪಾರು ಭೂಮಿಯುಳ್ಳವರು. ಕಂಬದ ಮರೆಯಲ್ಲಿ ಕೂಲಿಯವರು. ಕೇರಿಯವರು ಅಂಗಳದ ಆಚೆ, ಬೇವಿನ ಮರದ ಕೆಳಗೆ. ಹೆಂಗಸರು ಬಂದರೆ ಬಾಗಿಲ ಹೊರಗೆ. ಇದನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಬರೆದಿಟ್ಟದ್ದಕ್ಕಿಂತ ಗಟ್ಟಿಯಾಗಿ ನಡೆದುಬರುತ್ತಿದೆ. ಗ್ರಾಮಸಭೆಗೆ ಬಂದು ಮಾತನಾಡುವ ಹಕ್ಕು ಊರಿನ ಮತದಾರರೆಲ್ಲರಿಗೂ ಉಂಟು. ಅದನ್ನು ಕಾನೂನೇ ಕೊಟ್ಟಿದೆ. ಆದರೆ ಕಾನೂನು ಹಕ್ಕು ಕೊಡಬಲ್ಲದು, ಧೈರ್ಯ ಕೊಡಲಾರದು. ಧೈರ್ಯವನ್ನು ನಾವು, ನೀವು ಕೊಡಬೇಕು.

ಇದು ಬರಿಯ ನ್ಯಾಯದ ಮಾತೆಂದು ತಿಳಿಯಬೇಡಿ. ಬೇಸಾಯದ ಲಾಭ ನಷ್ಟದ ಮಾತೂ ಹೌದು. ಗೊಬ್ಬರದ ಗುಂಡಿ ತೋಡಿ ಎಂದು ನಾವು ಗಂಡಸರಿಗೆ ಹೇಳುತ್ತೇವೆ. ದಿನವೂ ಸಗಣಿ ಬಾಚಿ ಹೊರುವವರು ಯಾರು? ಹೆಂಗಸರು. ಗುಂಡಿ ಕೊಟ್ಟಿಗೆಗೆ ಎಷ್ಟು ದೂರವಿರಬೇಕೆಂದು ಅವರನ್ನು ಕೇಳದೆ ತೋಡಿದ ಗುಂಡಿ ಮಳೆಗಾಲದಲ್ಲಿ ನೀರು ತುಂಬಿಕೊಂಡು ಬಿದ್ದಿರುತ್ತದೆ. ಬೀಜವನ್ನು ಆರಿಸಿ, ಬೂದಿ ಬೆರೆಸಿ, ಮಡಕೆಯಲ್ಲಿ ತುಂಬಿಡುವ ಕೈ ಯಾವುದು? ಅದೂ ಅವರದೇ. ಬೀಜೋಪಚಾರದ ತರಬೇತಿಗೆ ಕರೆಯುವುದು ಮಾತ್ರ ಗಂಡಸರನ್ನು. ಬೆಳೆಗೆ ಹುಳು ಬಿದ್ದದ್ದನ್ನು ಮೊದಲು ಕಾಣುವವನು ಯಾರು? ದಿನವೆಲ್ಲ ಬಗ್ಗಿ ಕಳೆ ಕೀಳುವ ಕೂಲಿಯಾಳು. ಅವನು ಕಂಡದ್ದನ್ನು ಯಜಮಾನರಿಗೆ ಹೇಳಲು ಹೆದರಿದರೆ, ಅಥವಾ ಹೇಳಿದರೂ “ನಿನಗೇನು ಗೊತ್ತೋ?” ಎಂದು ನಾವು ಗದರಿಸಿದರೆ, ಹಾಳಾಗುವುದು ಯಾರ ಬೆಳೆ?

ಇನ್ನೊಂದು. ಎರಡು ಮೇಕೆ ಸಾಕಿಕೊಂಡಿರುವ ಭೂಮಿಯಿಲ್ಲದವನಿಗೆ ನಾನು ಹೊಸ ಬೀಜದ ವಿಷಯ ಹೇಳಿದರೆ ಅವನು ತಲೆಯಾಡಿಸಿ ಸುಮ್ಮನಾಗುತ್ತಾನೆ. ಅವನ ಪ್ರಶ್ನೆಯೇ ಬೇರೆ. ಗೋಮಾಳಕ್ಕೆ ಬೇಲಿ ಹಾಕಿದರೆ ತನ್ನ ಮೇಕೆ ಎಲ್ಲಿ ಮೇಯಬೇಕೆಂಬುದು ಅವನ ಪ್ರಶ್ನೆ. ಅದನ್ನು ನಮ್ಮ ಪಟ್ಟಿಯಲ್ಲಿ ಬರೆಯುವುದಕ್ಕೆ ಅಂಕಣವೇ ಇಲ್ಲ. ಆದಕಾರಣ ಗಿಡ ನೆಡುವ ಕೆಲಸ ಆರಂಭವಾದ ದಿನ ಜಗಳವೂ ಆರಂಭವಾಗುತ್ತದೆ. ಮೊದಲೇ ಕೇಳಿದ್ದರೆ ಮೇವಿನ ಗಿಡಗಳನ್ನು ಒಂದು ಅಂಚಿಗೆ ನೆಡುವುದೋ, ಸರದಿಯ ಮೇಲೆ ಮೇಯಿಸುವುದೋ, ಯಾವುದಾದರೊಂದು ದಾರಿ ಕಾಣುತ್ತಿತ್ತು.

ಮಾಡಬೇಕಾದದ್ದು

ಗ್ರಾಮಸಭೆಗೆ ಮುಂಚೆ ಕೈಗೊಳ್ಳಬಹುದಾದ ಕೆಲವು ಕೆಲಸಗಳನ್ನು ಸೂಚಿಸುತ್ತೇನೆ. ಇವಕ್ಕೆ ಸರಕಾರದ ಹಣ ಬೇಕಾಗಿಲ್ಲ.

ಒಂದನೆಯದು, ಸಣ್ಣ ಕೂಟಗಳು. ಪ್ರತಿ ಬೀದಿಯಲ್ಲಿ, ಪ್ರತಿ ಕೇರಿಯಲ್ಲಿ ಎಂಟು ಹತ್ತು ಜನ ಸಂಜೆಯ ಹೊತ್ತು ಒಂದೆಡೆ ಕೂರಲಿ. ಹೆಂಗಸರ ಸ್ವಸಹಾಯ ಸಂಘಗಳು ಈಗಾಗಲೇ ವಾರಕ್ಕೊಮ್ಮೆ ಕೂರುತ್ತವೆ. ಉಳಿತಾಯದ ಪುಸ್ತಕ ಮುಚ್ಚಿದ ಮೇಲೆ ಅರ್ಧ ಗಂಟೆ ಊರಿನ ವಿಷಯಕ್ಕೆ ಕೊಡಲಿ. ಓದು ಬಂದ ಹುಡುಗನೋ ಹುಡುಗಿಯೋ ಈ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದಲಿ.

ಎರಡನೆಯದು, ನಾವೇ ಅವರಿದ್ದ ಕಡೆಗೆ ಹೋಗುವುದು. ಚಾವಡಿಗೆ ಬರಲು ಅಂಜುವವನು ತನ್ನ ಗುಡಿಸಲ ಮುಂದೆ ಅಂಜುವುದಿಲ್ಲ. ಪಂಚಾಯಿತಿ ಸದಸ್ಯರು ಕೇರಿಗೆ ಹೋಗಿ ಅಲ್ಲಿನ ಜಗಲಿಯ ಮೇಲೆ ಕೂರಲಿ, ಅವರು ಕೊಟ್ಟ ನೀರು ಕುಡಿಯಲಿ. ಕುಡಿಯದೆ ಎದ್ದು ಬಂದರೆ ಕೇಳಿದ್ದೆಲ್ಲ ವ್ಯರ್ಥವೆಂದೇ ತಿಳಿಯಿರಿ.

ಮೂರನೆಯದು, ಮೂರು ಪ್ರಶ್ನೆಗಳು. ನಿಮಗೆ ಬಹಳ ತೊಂದರೆ ಕೊಡುತ್ತಿರುವುದು ಯಾವುದು? ಅದು ಹಾಗೆ ಏಕಿದೆಯೆಂದು ನಿಮಗೆ ತೋರುತ್ತದೆ? ನೀವೂ ನಾವೂ ಸೇರಿ ಏನು ಮಾಡಬಹುದು? ಉತ್ತರವನ್ನು ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಬೇಕು. ನಮ್ಮ ಮಾತಿಗೆ ತಿದ್ದಕೂಡದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಕೇಳಿದ ಮೇಲೆ ಮತ್ತೆ ಹೋಗಿ ಉತ್ತರ ಹೇಳಬೇಕು. ಇಂಥದ್ದನ್ನು ಪಟ್ಟಿಯಲ್ಲಿ ಸೇರಿಸಿದೆವು, ಇಂಥದ್ದು ಈ ವರ್ಷ ಆಗುವುದಿಲ್ಲ, ಆಗದಿರುವುದಕ್ಕೆ ಕಾರಣ ಇದು ಎಂದು ಮುಖ ನೋಡಿ ಹೇಳಬೇಕು. ಆಗುವುದಿಲ್ಲವೆಂದು ಹೇಳಿದರೆ ಬಡವನು ಸಿಟ್ಟಾಗುವುದಿಲ್ಲ, ಎಷ್ಟೋ ಸಲ ಕೇಳಿ ಅಭ್ಯಾಸವಾಗಿದೆ. ಕೇಳಿಕೊಂಡು ಹೋದವನು ತಿರುಗಿ ಬಾರದಿದ್ದರೆ ಮಾತ್ರ ಅವನ ಬಾಯಿ ಮುಚ್ಚುತ್ತದೆ. ಮತ್ತೆ ತೆರೆಸುವುದು ಕಷ್ಟ.

ಐದನೆಯದು, ನಮ್ಮ ಪತ್ತಿನ ಸಹಕಾರ ಸಂಘದ ಸದಸ್ಯರ ಪುಸ್ತಕವನ್ನು ಒಮ್ಮೆ ತೆರೆದು ನೋಡುವುದು. ಊರಿನ ಯಾವ ಯಾವ ಮನೆಯ ಹೆಸರು ಅದರಲ್ಲಿಲ್ಲ? ಪಾಲಿನ ಹಣ ಕಟ್ಟಲಾರದೆ ಹೊರಗಿದ್ದಾರೆಯೇ, ಯಾರೂ ಕರೆಯದೆ ಹೊರಗಿದ್ದಾರೆಯೇ? ಕರೆಯದೆ ಹೊರಗಿರುವವರನ್ನು ಈ ತಿಂಗಳಲ್ಲೇ ಕರೆಯಬಹುದು.

ಹಿರಿಯರೇ, ಇದರಿಂದ ನಿಮ್ಮ ಮರ್ಯಾದೆಗೆ ಕುಂದು ಬರುವುದೆಂದು ಯಾರೂ ಭಾವಿಸಬಾರದು. ಕ್ಯಾನ್ಸೊವಿನ ಮೀನುಗಾರರು ಬಾಯಿ ಬಿಟ್ಟ ದಿನ ಟಾಂಪ್ಕಿನ್ಸರ ಗೌರವ ಕಡಿಮೆಯಾಗಲಿಲ್ಲ. ಅವರ ಹೆಸರಿನಲ್ಲಿ ಊರೇ ಎದ್ದಿತು. ಮಾತನಾಡುವವನಿಗೆ ಎದುರಿಗಿರುವವರು ಚಪ್ಪಾಳೆ ತಟ್ಟುತ್ತಾರೆ. ಕೇಳುವವನಿಗೆ ಅವರು ತಮ್ಮ ಮನಸ್ಸನ್ನೇ ಕೊಡುತ್ತಾರೆ. ಊರು ನಡೆಸುವವರಿಗೆ ಇವೆರಡರಲ್ಲಿ ಯಾವುದು ಬೇಕಾದದ್ದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಬೇವಿನ ಮರದ ಕೆಳಗೆ ನಿಂತಿರುವ ಅಣ್ಣಂದಿರೇ, ಬಾಗಿಲ ಆಚೆ ಕೂತಿರುವ ಅಕ್ಕಂದಿರೇ, ತಾಯಂದಿರೇ, ನಿಮಗೂ ಒಂದು ಮಾತು. ಕೇಳುವವರು ಬಂದಾಗ “ನಮಗೇನು ತಿಳಿಯುತ್ತದೆ, ನೀವೇ ಹೇಳಿ” ಎನ್ನಬೇಡಿ. ನಿಮಗೆ ತಿಳಿದದ್ದು ಬೇರೆ ಯಾರಿಗೂ ತಿಳಿದಿಲ್ಲ. ಆ ಮೀನುಗಾರರಿಗೂ ಓದು ಬರಹ ಅಷ್ಟಕ್ಕಷ್ಟೆ. ಆದರೆ ಮೀನಿಗೆ ಸಿಕ್ಕಿದ ಕಾಸು ಎಷ್ಟೆಂಬುದು ಅವರಿಗಿಂತ ಚೆನ್ನಾಗಿ ಯಾವ ಆಯೋಗಕ್ಕೂ ಗೊತ್ತಿರಲಿಲ್ಲ.

ಈ ತಿಂಗಳು ನಾನು ಸೋಮವಾರ ಮತ್ತು ಗುರುವಾರದ ಸಂಜೆಗಳನ್ನು ಈ ಕೂಟಗಳಿಗಾಗಿಯೇ ಬಿಟ್ಟಿದ್ದೇನೆ. ಯಾವ ಬೀದಿಯವರು, ಯಾವ ಕೇರಿಯವರು ಕರೆದರೂ ಬಂದು ಕೂರುತ್ತೇನೆ. ಬರೆದುಕೊಳ್ಳಲು ಪುಸ್ತಕ ತರುತ್ತೇನೆ. ಮಾತು ನಿಮ್ಮದು.